ಸಂಗೀತ ಪತ್ರಿಕೆ ಮಾಡಲು ಹೊರಟ ವಿದ್ಯಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಪತ್ರಿಕೋದ್ಯಮ ಓದುವ ಹುಡುಗ ಹುಡುಗಿಯರ ಜೊತೆ ಕೂತು ಪುಟ ಕಟ್ಟುವುದು ನನಗೆ ತುಂಬಾ ಇಷ್ಟದ ಕೆಲಸ. ಪ್ರತಿ ವರ್ಷ ಒಂದಾದರೂ ತಂಡ 'ನಾವು ಸಂಗೀತ ಪತ್ರಿಕೆ ಮಾಡ್ತೀವಿ' ಅಂತ ಬರುತ್ತದೆ. ಫೋನಿನಲ್ಲಿ, ಮೆಸೇಜಿನಲ್ಲಿ, ಕಾಲೇಜಿನ ಮೆಟ್ಟಿಲ ಮೇಲೆ ಅವರು ಕೇಳಿದ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಇಲ್ಲಿ ಇಟ್ಟಿದ್ದೇನೆ. ಸುಲಭದವು ಮೊದಲು, ತಲೆ ಕೆಡಿಸುವಂಥವು ಆಮೇಲೆ. ನಿಮಗೆ ಬೇಕಾದದ್ದನ್ನು ಮಾತ್ರ ಓದಿದರೂ ಸಾಕು.

## ಶುರು ಮಾಡುವ ಮುಂಚೆ

ಇಡೀ ಪತ್ರಿಕೆನೇ ಮಾಡಬೇಕಾ, ನಾಲ್ಕು ಪುಟ ಸಾಕಾಗಲ್ವಾ?

ಸಾಕು. ಒಂದು ಮುಖಪುಟ, ಒಂದು ಪರಿವಿಡಿ, ಎದುರುಬದುರು ಪುಟಗಳಲ್ಲಿ ಹರಡಿದ ಒಂದು ಲೇಖನ. ಇಷ್ಟರಲ್ಲೇ ನಿಮ್ಮ ಕೈಚಳಕ ಪೂರ್ತಿ ಕಾಣುತ್ತದೆ. ಬ್ರಿಟನ್ನಿನ ಓಸಿಆರ್ ಪರೀಕ್ಷಾ ಮಂಡಳಿ ಮಾಧ್ಯಮ ವಿಷಯ ಓದುವ ಮಕ್ಕಳಿಗೆ ವರ್ಷಗಟ್ಟಲೆ ಕೊಟ್ಟಿದ್ದ ಪ್ರಾಜೆಕ್ಟ್ ಕೂಡ ಇದೇ. ಜೊತೆಗೆ ಒಂದು ಷರತ್ತು ಇತ್ತು: ಬರಹ, ಚಿತ್ರ ಎಲ್ಲವೂ ಸ್ವಂತದ್ದಾಗಿರಬೇಕು, ಒಬ್ಬೊಬ್ಬರಿಗೂ ಕನಿಷ್ಠ 4 ಫೋಟೋ. ನಿಮ್ಮ ವಿಭಾಗ ಈ ಷರತ್ತು ಹಾಕದಿದ್ದರೂ ನೀವೇ ಹಾಕಿಕೊಳ್ಳಿ. ಬೇರೆಯವರ ಫೋಟೋ ಜೋಡಿಸಿ ಮಾಡಿದ 16 ಪುಟಕ್ಕಿಂತ ನಿಮ್ಮದೇ ಆದ 4 ಪುಟ ಎಷ್ಟೋ ಮೇಲು.

ನನಗೆ ಸಂಗೀತ ಬರಲ್ಲ. ಆದರೂ ಮಾಡಬಹುದಾ?

ಹಾಡಲು ಬರದಿದ್ದರೆ ತೊಂದರೆ ಇಲ್ಲ. ಕೂತು ಕೇಳುವ ತಾಳ್ಮೆ ಇಲ್ಲದಿದ್ದರೆ ಮಾತ್ರ ಕಷ್ಟ.

ಕಂಪ್ಯೂಟರ್ ಮುಟ್ಟುವ ಮುಂಚೆ ಎರಡು ವಾರ ತಿರುಗಾಡಿ. ಒಂದು ಕಛೇರಿ, ಒಂದು ಭಜನೆ ಮನೆ, ಒಂದು ಆರ್ಕೆಸ್ಟ್ರಾ ರಿಹರ್ಸಲ್. ಕೈಯಲ್ಲಿ ಒಂದು ನೋಟ್‌ಬುಕ್ ಇರಲಿ. ತಂಬೂರಿ ಶ್ರುತಿ ಮಾಡಲು ಎಷ್ಟು ಹೊತ್ತು ಬೇಕಾಯಿತು, ತಬಲಾದವರು ಯಾರ ಮುಖ ನೋಡಿ ನಗುತ್ತಾರೆ, ಹಿಂದಿನ ಸಾಲಿನ ಅಜ್ಜ ಯಾವ ಜಾಗದಲ್ಲಿ ತಲೆ ತೂಗಿದರು, ಎಲ್ಲಾ ಬರೆದುಕೊಳ್ಳಿ. ಮುಂದೆ ಪುಟಕ್ಕೆ ಯಾವ ಬಣ್ಣ, ಎಲ್ಲಿ ಖಾಲಿ ಜಾಗ, ಯಾವ ಫೋಟೋ ದೊಡ್ಡದು ಅನ್ನುವ ತೀರ್ಮಾನಕ್ಕೆ ಈ ನೋಟ್‌ಬುಕ್ಕೇ ದಾರಿ ತೋರಿಸುತ್ತದೆ.

ಎಲ್ಲಾ ಥರದ ಸಂಗೀತ ಸೇರಿಸಿದ್ರೆ ಜಾಸ್ತಿ ಓದುಗರು ಸಿಗ್ತಾರೆ, ಅಲ್ವಾ?

ಸಿಗುವುದಿಲ್ಲ. ಎಲ್ಲರಿಗೂ ಅಂತ ಮಾಡಿದ ಪತ್ರಿಕೆಯನ್ನು ಯಾರೂ ತಮ್ಮದು ಅಂದುಕೊಳ್ಳುವುದಿಲ್ಲ.

ಆಯ್ಕೆಗೇನೂ ಬರ ಇಲ್ಲ. ಹಿಂದೂಸ್ತಾನಿ, ಕರ್ನಾಟಕ ಸಂಗೀತ ಎರಡೂ ಒಂದೇ ರಾಜ್ಯದಲ್ಲಿ ಇಷ್ಟು ಗಟ್ಟಿಯಾಗಿ ಬೇರುಬಿಟ್ಟಿರುವುದು ನಮ್ಮಲ್ಲೇ. ಧಾರವಾಡದ ಕಡೆಗೆ ಹೋದರೆ ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು ಅವರ ನೆನಪು ಮನೆಮನೆಯಲ್ಲಿದೆ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಕಣ್ಣು ಕಾಣದ ಮಕ್ಕಳಿಗೆ ಸಂಗೀತ ಕಲಿಸಿ ಬದುಕು ಕೊಟ್ಟರು. ಬೆಂಗಳೂರಿನ ಚಾಮರಾಜಪೇಟೆಯಲ್ಲಿ 1939ರಿಂದ ರಾಮನವಮಿ ಸಂಗೀತೋತ್ಸವ ನಡೆಯುತ್ತಿದೆ. ಚಾಮರಾಜನಗರದ ಕಡೆ ಮಾದಪ್ಪನ ಕಂಸಾಳೆ, ಮಂಟೇಸ್ವಾಮಿಯ ಕಥೆ ಹಾಡುವ ನೀಲಗಾರರು. ಬಳ್ಳಾರಿ, ವಿಜಯನಗರದ ಕಡೆ ಜೋಗತಿಯರ ತಂತಿವಾದ್ಯ ಚೌಡಿಕೆ. ಆ ಪರಂಪರೆಯ ಮಂಜಮ್ಮ ಜೋಗತಿ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು. ಇದೆಲ್ಲದರ ಜೊತೆಗೆ ಭಾವಗೀತೆ, ಸಿನಿಮಾ ಹಾಡು, ಕನ್ನಡ ರ‍್ಯಾಪ್, ಬೆಂಗಳೂರಿನ ಬ್ಯಾಂಡುಗಳು.

ಇದರಲ್ಲಿ ಒಂದನ್ನು ಹಿಡಿಯಿರಿ, ಅದನ್ನೂ ಇನ್ನಷ್ಟು ಚಿಕ್ಕದು ಮಾಡಿ. ನನ್ನ ಜೊತೆ ಕೆಲಸ ಮಾಡಿದ ಒಂದು ತಂಡ ಬರೀ ಮದುವೆ ಮನೆಯ ವಾಲಗದವರ ಬಗ್ಗೆ ಪತ್ರಿಕೆ ಮಾಡಿತು. ಮೊದಲು 'ಇಷ್ಟೇನಾ' ಅನ್ನಿಸಿತ್ತು. ಎರಡನೇ ವಾರಕ್ಕೆ ಅವರ ಹತ್ತಿರ 20 ಪುಟಕ್ಕಾಗುವಷ್ಟು ಸರಕಿತ್ತು.

ಓದುಗರ ಸರ್ವೆಗೆ ಗೂಗಲ್ ಫಾರ್ಮ್ ಕಳಿಸಿದ್ದೀವಿ. ಸಾಕಲ್ವಾ?

ನಿಮ್ಮ ಕ್ಲಾಸಿನವರೇ ತುಂಬಿದ ಫಾರ್ಮ್ ನಿಮ್ಮ ಕ್ಲಾಸಿನ ಬಗ್ಗೆ ಮಾತ್ರ ಹೇಳುತ್ತದೆ. 'ನಿಮಗೆ ಯಾವ ಸಂಗೀತ ಇಷ್ಟ' ಅಂತ ಕೇಳಿದರೆ ಎಲ್ಲರೂ 'ಎಲ್ಲಾ ಇಷ್ಟ' ಅನ್ನುತ್ತಾರೆ. ಅದರ ಬದಲು ಹತ್ತು ಜನರ ಹತ್ತಿರ ಹೋಗಿ 'ನಿನ್ನೆ ಏನು ಕೇಳಿದಿರಿ, ಎಲ್ಲಿ, ಯಾವುದರಲ್ಲಿ' ಅಂತ ಕೇಳಿ. ಬಸ್ಸಿನಲ್ಲಿ ಇಯರ್‌ಫೋನ್ ಹಾಕಿಕೊಂಡವರು, ಅಡುಗೆ ಮಾಡುತ್ತಾ ರೇಡಿಯೋ ಕೇಳಿದವರು, ಟ್ರ್ಯಾಕ್ಟರಿನಲ್ಲಿ ಸ್ಪೀಕರ್ ಕಟ್ಟಿಕೊಂಡವರು ಸಿಗುತ್ತಾರೆ. ಆ ಹತ್ತು ಜನರಲ್ಲಿ ಒಬ್ಬರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಪುಟ ಮಾಡಿ.

ನೋಡಿ ಕಲಿಯೋಕೆ ಯಾವ ಪತ್ರಿಕೆ ಇದೆ?

ಚೆನ್ನೈಯಿಂದ 1983ರಲ್ಲಿ ಶುರುವಾದ 'ಶ್ರುತಿ' ನೋಡಿ. ಕಲಾವಿದರ ಬಗ್ಗೆ ಆಳವಾಗಿ, ಗೌರವದಿಂದ ಬರೆಯುವುದು ಹೇಗೆ ಅಂತ ಗೊತ್ತಾಗುತ್ತದೆ. ಅಲಹಾಬಾದಿನಲ್ಲಿ 1993ರಲ್ಲಿ ಹುಟ್ಟಿದ 'ರಾಕ್ ಸ್ಟ್ರೀಟ್ ಜರ್ನಲ್' ನಮ್ಮ ದೇಶದ ರಾಕ್ ಬ್ಯಾಂಡುಗಳಿಗೆ ಒಂದು ಮನೆ ಕಟ್ಟಿಕೊಟ್ಟಿತು. ದೊಡ್ಡ ಊರಿನಲ್ಲಿ ಇದ್ದರೆ ಮಾತ್ರ ಪತ್ರಿಕೆ ಆಗುತ್ತದೆ ಅಂದುಕೊಂಡವರು ಅದನ್ನು ನೆನೆಯಬೇಕು. ಅಮೆರಿಕದ 'ರೋಲಿಂಗ್ ಸ್ಟೋನ್' 1967ರಿಂದ ಇದೆ. ಅದರ ಹಳೆಯ ಮುಖಪುಟಗಳಲ್ಲಿ ಒಂದೇ ಮುಖ, ಒಂದೇ ನೋಟ ಎಷ್ಟು ಕೆಲಸ ಮಾಡುತ್ತದೆ ಅಂತ ಗಮನಿಸಿ.

ಒಂದು ಕಿವಿಮಾತು. ಇಂಗ್ಲಿಷ್ ಪತ್ರಿಕೆಯ ಪುಟವನ್ನು ಹಾಗೇ ಎತ್ತಿಕೊಂಡು ಅಕ್ಷರ ಮಾತ್ರ ಕನ್ನಡ ಮಾಡಬೇಡಿ. ಪುಟ ಒಡೆದು ಬೀಳುತ್ತದೆ. ಅದರ ಕಾರಣ ಮುಂದಿನ ಭಾಗದಲ್ಲಿದೆ.

## ಹೆಸರು ಮತ್ತು ಮುಖಪುಟ

ಹೆಸರಿಗೆ ಏನು ಇಡಲಿ? ಒಳ್ಳೇದೆಲ್ಲಾ ಆಗಲೇ ಇದೆ!

ಚಿಕ್ಕದಿರಲಿ, ಎರಡು ಮೂರು ಅಕ್ಷರದ್ದು. ವಾದ್ಯದಿಂದ, ಬಾಯಿಮಾತಿನಿಂದ ಆರಿಸಿ. ವಾಲಗದ ತಂಡ ತಮ್ಮ ಪತ್ರಿಕೆಗೆ 'ಡೋಲು' ಅಂತಲೇ ಇಟ್ಟಿತು. ಹೇಳಿದರೆ ಸದ್ದು ಬರುತ್ತದೆ, ನೋಡಿದರೆ ಆ ಅಕ್ಷರಗಳೂ ಡೋಲಿನ ಹಾಗೆ ದುಂಡಗಿವೆ. ಹೆಸರನ್ನು ಹತ್ತು ಸಲ ಜೋರಾಗಿ ಹೇಳಿ, ದಪ್ಪ ಮಾರ್ಕರಿನಲ್ಲಿ ಹತ್ತು ಸಲ ಬರೆದು ನೋಡಿ. ಕಿವಿ, ಕಣ್ಣು ಎರಡೂ ಒಪ್ಪಬೇಕು.

ಇಂಗ್ಲಿಷ್ ಪತ್ರಿಕೆಗಳ ಥರ ಹೆಸರು ಗಟ್ಟಿಯಾಗಿ ಕಾಣ್ತಾನೇ ಇಲ್ಲ. ಯಾಕೆ?

ಕನ್ನಡದಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಅನ್ನುವುದು ಇಲ್ಲ. ಇಂಗ್ಲಿಷಿನಲ್ಲಿ ಎಲ್ಲವನ್ನೂ ದೊಡ್ಡಕ್ಷರದಲ್ಲಿ ಬರೆದರೆ ಮೇಲೆ ಕೆಳಗೆ ಗೆರೆ ಎಳೆದ ಹಾಗೆ ಒಂದು ಪಟ್ಟಿ ಆಗುತ್ತದೆ. ನಮ್ಮ ಅಕ್ಷರಕ್ಕೆ ಮೇಲೆ ತಲೆಕಟ್ಟು, ಗುಡಿಸು, ಬಲಕ್ಕೆ ಕೊಂಬು, ಕೆಳಗೆ ಒತ್ತು. ಸಾಲು ಏರಿ ಇಳಿಯುತ್ತದೆ. ಅದನ್ನು ಪಟ್ಟಿಯೊಳಗೆ ತುರುಕಲು ಹೋದರೆ ಅಕ್ಷರ ಚಿಕ್ಕದಾಗುತ್ತದೆ, ಸುತ್ತ ಜಾಗ ಪೋಲಾಗುತ್ತದೆ.

ಹಾಗಾಗಿ ಏರಿಳಿತವನ್ನೇ ಬಳಸಿಕೊಳ್ಳಿ. 'ಪಲ್ಲವಿ' ಅಂತ ಹೆಸರಿದ್ದರೆ ಲಕಾರದ ಒತ್ತು ಕೆಳಗಿನ ಫೋಟೋ ಮೇಲೆ ಇಳಿದು ಕೂರಲಿ. ಹಿಂದಿನ ಕಾಲದ ಸಿನಿಮಾ ಪೋಸ್ಟರ್, ಅಂಗಡಿ ಬೋರ್ಡು ಬರೆಯುವವರು ಇದನ್ನು ಎಷ್ಟು ಚೆನ್ನಾಗಿ ಮಾಡುತ್ತಿದ್ದರು! ನಿಮ್ಮೂರಿನಲ್ಲಿ ಬೋರ್ಡು ಬರೆಯುವವರು ಇನ್ನೂ ಇದ್ದರೆ ಅವರಿಂದಲೇ ಹೆಸರು ಬರೆಸಿ, ಕೂಲಿ ಕೊಡಿ, ಸ್ಕ್ಯಾನ್ ಮಾಡಿಕೊಳ್ಳಿ, ಒಳಪುಟದಲ್ಲಿ ಅವರ ಹೆಸರು ಹಾಕಿ. ಯಾವ ಫಾಂಟೂ ಅದಕ್ಕೆ ಸಮ ಅಲ್ಲ.

ಇನ್ನೊಂದು ಮಾತು: ಅಕ್ಷರ ಅಕ್ಷರದ ನಡುವೆ ಜಾಗ ಬಿಟ್ಟು ಹೆಸರು ಅಗಲ ಮಾಡಬೇಡಿ. ಇಂಗ್ಲಿಷಿಗೆ ಒಪ್ಪುವ ಆ ಉಪಾಯ ಕನ್ನಡದ ಪದವನ್ನು ಚೂರುಚೂರು ಮಾಡುತ್ತದೆ.

ಮುಖಪುಟದ ಫೋಟೋ ಫೋನಿನಲ್ಲೇ ತೆಗೆದ್ರೆ ನಡೆಯುತ್ತಾ?

ನಡೆಯುತ್ತದೆ. ಎ4 ಪುಟವನ್ನು 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕೆ) ಅಚ್ಚು ಹಾಕಲು 2480 × 3508 ಪಿಕ್ಸೆಲ್ ಬೇಕು. ಅಂದರೆ ಸುಮಾರು 9 ಮೆಗಾಪಿಕ್ಸೆಲ್. ಈಗಿನ 12 ಮೆಗಾಪಿಕ್ಸೆಲ್ ಫೋನಿಗೆ ಅದು ಸುಲಭ. ಕೆಡುವುದು ಆಮೇಲೆ. ವಾಟ್ಸಾಪಿನಲ್ಲಿ ಫೋಟೋ ಕಳಿಸಿದರೆ ಅದು ಕುಗ್ಗಿ ಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ, ಅಥವಾ ಕೇಬಲ್ ಹಾಕಿ ತೆಗೆದುಕೊಳ್ಳಿ.

ತೆಗೆಯುವಾಗ ಕಿಟಕಿ ಪಕ್ಕ ಕೂರಿಸಿ, ಫ್ಲ್ಯಾಶ್ ಬೇಡ. ಫೋನನ್ನು ನಿಲ್ಲಿಸಿ ಹಿಡಿಯಿರಿ. ತಲೆಯ ಮೇಲೆ ಪತ್ರಿಕೆಯ ಹೆಸರಿಗೆ, ಒಂದು ಪಕ್ಕ ಶೀರ್ಷಿಕೆಗಳಿಗೆ ಜಾಗ ಬಿಡಿ. ಎಲ್ಲರೂ ಮರೆಯುವುದು ಇದನ್ನೇ. ಮುಖವನ್ನು ಚೌಕಟ್ಟಿನ ತುಂಬಾ ತೆಗೆದುಬಿಟ್ಟರೆ ಆಮೇಲೆ ಅಕ್ಷರ ಹಣೆಯ ಮೇಲೆ ಕೂರಬೇಕಾಗುತ್ತದೆ. 'ಡೋಲು' ತಂಡ ಮುಖವನ್ನೇ ಬಿಟ್ಟು ಕೈ ತೆಗೆಯಿತು: ಬಲಗೈ ಬೆರಳುಗಳಿಗೆ ಹಾಕಿದ ಗಟ್ಟಿ ಕವಚ, ಎಡಗೈಯಲ್ಲಿ ಕೋಲು. ಆ ಕೈ ನೋಡಿದವರು ಪುಟ ತಿರುಗಿಸದೇ ಇರಲಿಲ್ಲ.

ಫೋಟೋದಲ್ಲಿರುವವರ ಒಪ್ಪಿಗೆ ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ಮಕ್ಕಳಾದರೆ ಅಪ್ಪ ಅಮ್ಮನ ಸಹಿ ಬೇಕು.

ಬಾರ್‌ಕೋಡ್, ಬೆಲೆ ಹಾಕಲೇಬೇಕಾ?

ಬೆಲೆ, ತಿಂಗಳು, ಸಂಚಿಕೆ ಸಂಖ್ಯೆ ಹಾಕಿ. ಬೆಲೆ ನಿಮ್ಮ ಓದುಗ ಯಾರು ಅಂತ ಹೇಳುತ್ತದೆ. ಬಾರ್‌ಕೋಡ್ ತೋರಿಕೆಗೆ ಅಷ್ಟೇ. ಪತ್ರಿಕೆಗಳ ಬಾರ್‌ಕೋಡ್ 977ರಿಂದ ಶುರುವಾಗುತ್ತದೆ, ಅದರಲ್ಲಿ ಆ ಪತ್ರಿಕೆಯ ಗುರುತಿನ ಸಂಖ್ಯೆ ಐಎಸ್‌ಎಸ್‌ಎನ್ ಅಡಗಿರುತ್ತದೆ. ಇನ್ನೊಂದು ಪತ್ರಿಕೆಯದನ್ನು ನಕಲು ಮಾಡಬೇಡಿ, ಆ ಜಾಗದಲ್ಲಿ ಖಾಲಿ ಚೌಕ ಬಿಡಿ.

## ಒಳಪುಟ

ಮಾಡ್ತಿರೋದು ಒಂದೇ ಲೇಖನ. ಪರಿವಿಡಿಗೆ ಉಳಿದದ್ದು ಎಲ್ಲಿಂದ ತರಲಿ?

ಇದು ನನಗೆ ತುಂಬಾ ಇಷ್ಟದ ಪ್ರಶ್ನೆ. ಪರಿವಿಡಿ ಅಂದರೆ ನಿಮ್ಮ ಪತ್ರಿಕೆಯ ಕನಸು. 'ಸಂದರ್ಶನ', 'ವಿಮರ್ಶೆ', 'ಸುದ್ದಿ' ಅಂತ ಸುಮ್ನೆ ಬರೆದರೆ ಅದು ಸತ್ತ ಪುಟ. ನೋಟ್‌ಬುಕ್ ತೆಗೆಯಿರಿ. ಹಾರ್ಮೋನಿಯಂ ರಿಪೇರಿ ಮಾಡುವವರ ಅಂಗಡಿ, ಹಳೇ ಕ್ಯಾಸೆಟ್ ಇಟ್ಟುಕೊಂಡವರ ಅಟ್ಟ, ಸೌಂಡ್ ಸಿಸ್ಟಂ ಹುಡುಗನ ಒಂದು ರಾತ್ರಿ, ಊರ ಜಾತ್ರೆಗಳ ಕ್ಯಾಲೆಂಡರ್. ಪ್ರತಿಯೊಂದಕ್ಕೂ ಒಂದು ಸಾಲಿನ ವಿವರ ಬರೆಯಿರಿ. ಹತ್ತು ಸಾಲು ಸಾಕು. ಮುಖಪುಟದಲ್ಲಿ ಕೊಟ್ಟ ಶೀರ್ಷಿಕೆಗಳೆಲ್ಲ ಇಲ್ಲಿ ಪುಟಸಂಖ್ಯೆ ಸಮೇತ ಸಿಗಬೇಕು. ಪರೀಕ್ಷಕರು ಮೊದಲು ತಾಳೆ ನೋಡುವುದು ಅದನ್ನೇ.

ಕನ್ನಡಕ್ಕೆ ಯಾವ ಫಾಂಟ್ ಚೆನ್ನಾಗಿರುತ್ತೆ?

ಎರಡು ಕುಟುಂಬ ಸಾಕು. ಓದುವ ಭಾಗಕ್ಕೆ ನೋಟೋ ಸೆರಿಫ್ ಕನ್ನಡ ಅಥವಾ ಟಿರೋ ಕನ್ನಡ. ತಲೆಬರಹಕ್ಕೆ ಅನೇಕ್ ಕನ್ನಡ. ಅದರಲ್ಲಿ ತೆಳುವಿನಿಂದ ದಪ್ಪದವರೆಗೆ, ಇಕ್ಕಟ್ಟಿನಿಂದ ಅಗಲದವರೆಗೆ ಎಲ್ಲಾ ಇದೆ. ಗಮ್ಮತ್ತಿನ ಪುಟಕ್ಕೆ ಬಾಲೂ ತಮ್ಮ. ಎಲ್ಲವೂ ಗೂಗಲ್ ಫಾಂಟ್ಸಿನಲ್ಲಿ ಉಚಿತ, ಅಚ್ಚು ಹಾಕಲು ಅನುಮತಿಯೂ ಇದೆ.

ಓದುವ ಭಾಗ 11 ಪಾಯಿಂಟ್ ಇರಲಿ, ಸಾಲಿಂದ ಸಾಲಿಗೆ 16 ಪಾಯಿಂಟ್. ಇಂಗ್ಲಿಷಿನಷ್ಟು ಒತ್ತೊತ್ತಾಗಿ ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಗಲುತ್ತದೆ. ವಾಲಿದ ಅಕ್ಷರ ಕನ್ನಡಕ್ಕೆ ಒಗ್ಗುವುದಿಲ್ಲ. ಒತ್ತಿ ಹೇಳಬೇಕಿದ್ದರೆ ಬಣ್ಣ ಅಥವಾ ದಪ್ಪ ಬಳಸಿ. ಕಾಲಂ ಕೂಡ ಅಷ್ಟೇ. ನಮ್ಮ ಪದಗಳು ಉದ್ದ. ಎ4 ಪುಟದಲ್ಲಿ ಮೂರು ಕಾಲಂ ಮಾಡಿ ಎರಡೂ ಬದಿ ಸಮ ಮಾಡಿದರೆ ಪದಗಳ ನಡುವೆ ಹಳ್ಳ ಬೀಳುತ್ತದೆ. ಎರಡೇ ಕಾಲಂ ಮಾಡಿ, ಎಡಬದಿ ಮಾತ್ರ ಸಮ ಇರಲಿ.

ಪುಟ ಕಟ್ಟೋ ಸಾಫ್ಟ್‌ವೇರ್ ಇನ್‌ಡಿಸೈನ್‌ಗೆ ಹಾಕಿದ ತಕ್ಷಣ ಒತ್ತಕ್ಷರ ಒಡೆದು ಹೋಗ್ತಿದೆ. ಏನು ಮಾಡಲಿ?

ಭಯ ಬೇಡ, ಇದು ಒಂದು ಕ್ಲಿಕ್ಕಿನ ಕೆಲಸ. ಪ್ಯಾರಾಗ್ರಾಫ್ ಪ್ಯಾನೆಲ್ಲಿನ ಮೆನುವಿನಲ್ಲಿ 'ಅಡೋಬಿ ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್' ಆರಿಸಿ. ಅದು ಇಲ್ಲದೇ ಇದ್ದರೆ 'ಸ್ವರ' ಅನ್ನುವುದು 'ಸ್‌ವರ' ಆಗುತ್ತದೆ. ಅದನ್ನು ಪ್ಯಾರಾಗ್ರಾಫ್ ಸ್ಟೈಲಿನಲ್ಲೇ ಇಟ್ಟುಬಿಟ್ಟರೆ ಪದೇ ಪದೇ ಮಾಡಬೇಕಿಲ್ಲ.

ಇನ್ನೊಂದು ಕಾರಣ ಹಳೇ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿದ ಲೇಖನ. ಅದು ಯೂನಿಕೋಡ್ (ಎಲ್ಲಾ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದಿದ್ದರೆ ಫಾಂಟ್ ಬದಲಿಸಿದ ಕೂಡಲೇ ಅರ್ಥವಾಗದ ಇಂಗ್ಲಿಷ್ ಅಕ್ಷರ ಬರುತ್ತದೆ. ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿ, ಆಮೇಲೆ ಇಡೀ ಲೇಖನ ಒಂದು ಸಲ ಕೂತು ಓದಿ. ಅರ್ಕಾವೊತ್ತು, ವಟ್ರಸುಳಿ ಇರುವ ಪದಗಳಲ್ಲಿ ತಪ್ಪು ಉಳಿದಿರುತ್ತದೆ.

ಲೇಖನದ ಮೊದಲ ಅಕ್ಷರ ದೊಡ್ಡದು ಮಾಡುವಾಗಲೂ ಹುಷಾರು. 'ಸ್ವರ' ಪದದಲ್ಲಿ ದೊಡ್ಡದಾಗಬೇಕಾದ್ದು 'ಸ್ವ', ಬರೀ 'ಸ' ಅಲ್ಲ. ಒತ್ತು ಕೆಳಗೆ ಇಳಿಯುವುದರಿಂದ ಅದಕ್ಕೆ ಇನ್ನೊಂದು ಸಾಲಿನ ಜಾಗ ಬೇಕು. ಆಗಲಿಲ್ಲವಾ, ಮೊದಲ ಪದವನ್ನೇ ಬದಲಿಸಿ.

ಸಾಫ್ಟ್‌ವೇರ್ ಕೊಳ್ಳೋಕೆ ದುಡ್ಡಿಲ್ಲ.

ಪುಟ ಕಟ್ಟಲು ಸ್ಕ್ರೈಬಸ್ ಇದೆ, ಉಚಿತ. ಅದರ 1.6 ಆವೃತ್ತಿಯಲ್ಲಿ ಕನ್ನಡ ಸರಿಯಾಗಿ ಬರುತ್ತದೆ, ಹಳೇ 1.4 ಬೇಡ. ಫೋಟೋಗೆ ಗಿಂಪ್, ಹೆಸರು ಬರೆಯಲು ಇಂಕ್‌ಸ್ಕೇಪ್.

ಕಲಾವಿದರು ಮಾತೇ ಆಡಲ್ಲ. ಸಂದರ್ಶನ ಹೇಗೆ ಮಾಡಲಿ?

'ನಿಮ್ಮ ಸಂಗೀತ ಪಯಣದ ಬಗ್ಗೆ ಹೇಳಿ' ಅಂದರೆ ಯಾರು ತಾನೇ ಮಾತಾಡುತ್ತಾರೆ? ಪಯಣದ ಬಗ್ಗೆ ಕೇಳಬೇಡಿ, ವಸ್ತುವಿನ ಬಗ್ಗೆ ಕೇಳಿ. ಈ ಡೋಲಿನ ಚರ್ಮ ಯಾವಾಗ ಬದಲಿಸಿದಿರಿ? ಯಾರು ಮಾಡಿಕೊಡುತ್ತಾರೆ? ಮಳೆಗಾಲದಲ್ಲಿ ಏನು ಮಾಡುತ್ತೀರಿ? ಮುಹೂರ್ತದ ಹೊತ್ತಿಗೆ ಕರೆಂಟ್ ಹೋದರೆ? ಕೈ ವಾದ್ಯದ ಮೇಲೆ ಹೋದ ಕೂಡಲೇ ಮಾತು ತಾನೇ ಬರುತ್ತದೆ. 'ಡೋಲು' ತಂಡದ ಮೊದಲ ಸಂದರ್ಶನ ಹತ್ತು ನಿಮಿಷಕ್ಕೆ ಮುಗಿದಿತ್ತು. ಎರಡನೇ ಸಲ ಅವರು ಮದುವೆ ಮನೆಗೇ ಹೋಗಿ, ಚಪ್ಪರದ ಹಿಂದೆ ವಾಲಗದವರ ಜೊತೆ ಕೂತು ಊಟ ಮಾಡಿದರು. ಎಲ್ಲರ ಊಟ ಮುಗಿದ ಮೇಲೆ ವಾಲಗದವರಿಗೆ ಎಲೆ ಹಾಕುತ್ತಾರೆ ಅನ್ನುವ ಸಂಗತಿ ಅವತ್ತು ಗೊತ್ತಾಯಿತು. ಲೇಖನ ಶುರುವಾದದ್ದೇ ಆ ಎಲೆಯಿಂದ.

ಬರೆಯುವಾಗ ಅವರ ಕನ್ನಡವನ್ನು ಇಸ್ತ್ರಿ ಮಾಡಬೇಡಿ. ಧಾರವಾಡದವರು 'ಬರ್ತೇನ್ರೀ' ಅಂದರೆ ಹಾಗೇ ಇರಲಿ. ರೆಕಾರ್ಡ್ ಮಾಡುವ ಮುಂಚೆ ಕೇಳಿ. ಫೋಟೋ ಇರುವ ಎರಡು ಪುಟಕ್ಕೆ 600 ಪದ ಸಾಕು. 1200 ಪದ ತುಂಬಲು ಹೋಗಿ ಪುಟವನ್ನು ಸಂತೆ ಮಾಡಬೇಡಿ.

ಎರಡು ಪುಟಕ್ಕೂ ಹರಡಿದ ಫೋಟೋ ಹಾಕಿದೆ, ಗಾಯಕಿಯ ಮುಖ ಮಡಿಕೆಗೆ ಸಿಕ್ಕಿಬಿಡ್ತು!

ಮುಖ, ಕೈ, ಅಕ್ಷರ ಮೂರನ್ನೂ ನಡುವಿನ ಮಡಿಕೆಯಿಂದ 15 ಮಿಲಿಮೀಟರ್ ದೂರ ಇಡಿ. ಗಾಯಕಿ ಎಡಪುಟದಲ್ಲಿದ್ದರೆ ಬಲಕ್ಕೆ ನೋಡಲಿ, ಆಗ ನಮ್ಮ ಕಣ್ಣು ತಾನಾಗಿ ಬಲಪುಟದ ಬರಹಕ್ಕೆ ಹೋಗುತ್ತದೆ.

## ಇನ್ನೂ ಮುಂದೆ ಹೋಗುವವರಿಗೆ

ಹಾಡಿನ ಸಾಲುಗಳನ್ನ ಅಚ್ಚು ಹಾಕಬಹುದಾ?

ವಚನ, ದಾಸರ ಪದ, ಶಿಶುನಾಳ ಶರೀಫರ ತತ್ವಪದ ಧಾರಾಳವಾಗಿ ಹಾಕಿ. ಶರೀಫರು ತೀರಿಕೊಂಡಿದ್ದು 1889ರಲ್ಲಿ, ಅವಕ್ಕೆ ಹಕ್ಕಿನ ತೊಡಕಿಲ್ಲ. ನಮ್ಮ 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಕವಿ ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತದೆ. ಬೇಂದ್ರೆಯವರು ಹೋದದ್ದು 1981ರಲ್ಲಿ. ಹಾಗಾಗಿ ಅವರ ಕವಿತೆಗಳಿಗೆ 2041ರ ಕೊನೆಯವರೆಗೆ ಹಕ್ಕು ಇದೆ. ಕುವೆಂಪು ಹೋದದ್ದು 1994ರಲ್ಲಿ, ಲೆಕ್ಕ ನೀವೇ ಹಾಕಿ. ವಿಮರ್ಶೆ ಮಾಡುವಾಗ ಒಂದೆರಡು ಸಾಲು ಉದಾಹರಿಸಲು ಕಾಯ್ದೆಯೇ ಅವಕಾಶ ಕೊಟ್ಟಿದೆ. ಇಡೀ ಹಾಡನ್ನು ಅಲಂಕಾರಕ್ಕೆ ಹಾಕಬೇಕಿದ್ದರೆ ಹಕ್ಕುದಾರರನ್ನು ಕೇಳಿ. ಯಾವುದೇ ಸಾಲು ಹಾಕಿದರೂ ಬರೆದವರ ಹೆಸರು ಹಾಕಿ. ನಮ್ಮಲ್ಲಿ ಹಾಡಿದವರ ಹೆಸರು ಉಳಿಯುತ್ತದೆ, ಬರೆದವರ ಹೆಸರು ಬಿಟ್ಟುಹೋಗುತ್ತದೆ. ಸಂಗೀತ ಪತ್ರಿಕೆಯೂ ಹಾಗೆ ಮಾಡಬಾರದು.

ಸ್ವರಲಿಪಿ ಹಾಕಬೇಕು. ಚುಕ್ಕೆ ಎಲ್ಲಾ ಎಲ್ಲೆಲ್ಲೋ ಹೋಗ್ತಿದೆ.

ತಾರಸ್ಥಾಯಿಗೆ (ಮೇಲಿನ ದನಿ) ಸ್ವರದ ಮೇಲೆ ಚುಕ್ಕೆ, ಮಂದ್ರಕ್ಕೆ (ಕೆಳಗಿನ ದನಿ) ಕೆಳಗೆ. ಆದರೆ ಎಷ್ಟೋ ಕನ್ನಡ ಫಾಂಟಿಗೆ ಆ ಚುಕ್ಕೆ ಎಲ್ಲಿ ಕೂರಬೇಕು ಅಂತ ಗೊತ್ತಿಲ್ಲ. 'ರಿ', 'ನಿ' ಮೇಲಂತೂ ಗುಡಿಸಿಗೆ ಅಂಟಿಕೊಳ್ಳುತ್ತದೆ. ಸ್ಪೇಸ್ ಒತ್ತಿ ಒತ್ತಿ ಜೋಡಿಸಬೇಡಿ, ಟೇಬಲ್ ಮಾಡಿ. ಆದಿತಾಳ ಅಂದರೆ 8 ಕಾಲಂ, 4 ಆದ ಮೇಲೆ ಒಂದು ಗೆರೆ, ಮತ್ತೆ 2 ಆದ ಮೇಲೆ ಒಂದು ಗೆರೆ, ಕೊನೆಯ 2 ಆದ ಮೇಲೆ ಜೋಡಿಗೆರೆ. ಸ್ವರದ ಸಾಲಿನ ಮೇಲೊಂದು, ಕೆಳಗೊಂದು ಸಣ್ಣ ಸಾಲು ಬಿಟ್ಟು ಚುಕ್ಕೆಯನ್ನು ಅಲ್ಲಿ ಇಡಿ. ಸಾಹಿತ್ಯ ಅದರ ಕೆಳಗೆ. ಮುಗಿದ ಮೇಲೆ ಸಂಗೀತ ಕಲಿಸುವವರೊಬ್ಬರಿಗೆ ಕೊಟ್ಟು 'ಇದನ್ನು ನೋಡಿ ಹಾಡಿ' ಅನ್ನಿ. ಅವರು ಎಡವಿದ ಕಡೆ ನಿಮ್ಮ ತಪ್ಪಿರುತ್ತದೆ.

ಪಕ್ಕದಲ್ಲಿ ಒಂದು ಕ್ಯೂಆರ್ ಕೋಡ್ ಹಾಕಿ ನೀವೇ ರೆಕಾರ್ಡ್ ಮಾಡಿದ ಒಂದು ನಿಮಿಷದ ಧ್ವನಿಗೆ ಕೊಂಡಿ ಕೊಡಬಹುದು. 20 ಮಿಲಿಮೀಟರಿಗಿಂತ ಚಿಕ್ಕದು ಬೇಡ.

ಪ್ರೆಸ್‌ಗೆ ಕೊಡುವಾಗ ಏನೇನು ನೋಡಬೇಕು?

ಪಿನ್ ಹೊಡೆಯುವ ಪತ್ರಿಕೆಯ ಪುಟಗಳು 4ರ ಲೆಕ್ಕದಲ್ಲಿ ಇರಬೇಕು: 8, 12, 16. ಅಂಚಿನವರೆಗೆ ಬರುವ ಫೋಟೋ, ಬಣ್ಣ ಎಲ್ಲವೂ 3 ಮಿಲಿಮೀಟರ್ ಹೊರಗೆ ಚಾಚಿರಲಿ, ಇಲ್ಲದಿದ್ದರೆ ಕತ್ತರಿಸಿದಾಗ ಬಿಳಿ ಗೆರೆ ಉಳಿಯುತ್ತದೆ. ಬಣ್ಣ ಸಿಎಂವೈಕೆ, ಅಂದರೆ ಅಚ್ಚಿನ ನಾಲ್ಕು ಶಾಯಿಗಳ ಲೆಕ್ಕದಲ್ಲಿ. ಓದುವ ಅಕ್ಷರ ಬರೀ ಕಪ್ಪು ಶಾಯಿಯಲ್ಲಿ ಇರಲಿ. ನಾಲ್ಕೂ ಬಣ್ಣ ಸೇರಿಸಿದ ಕಪ್ಪಿನಲ್ಲಿ ಸ್ವಲ್ಪ ಅಲುಗಿದರೂ ಒತ್ತಕ್ಷರ ಮಸುಕಾಗುತ್ತದೆ.

ಮತ್ತೆ, ಪ್ರೆಸ್ಸಿಗೆ ಪಿಡಿಎಫ್ ಮಾತ್ರ ಕೊಡಿ, ಫಾಂಟ್ ಒಳಗೇ ಸೇರಿಸಿ. ಒಮ್ಮೆ ಆತುರದಲ್ಲಿ ನಾವು ಮೂಲ ಫೈಲ್ ಕೊಟ್ಟೆವು. ಪ್ರೆಸ್ಸಿನವರ ಕಂಪ್ಯೂಟರಿನಲ್ಲಿ ಆ ಫಾಂಟ್ ಇರಲಿಲ್ಲ, ಬೇರೆ ಫಾಂಟ್ ತಾನೇ ಕೂತುಕೊಂಡಿತು, ಯಾರೂ ನೋಡಲಿಲ್ಲ. 50 ಪ್ರತಿಗಳಲ್ಲಿ ಗಾಯಕರ ಹೆಸರೇ ಒಡೆದುಹೋಗಿತ್ತು. ಆ ಪುಟ ಮಾಡಿದ ಹುಡುಗಿ ಅತ್ತದ್ದು ನನಗೆ ಇನ್ನೂ ನೆನಪಿದೆ. ಅಂದಿನಿಂದ ಒಂದು ಪ್ರತಿ ಅಚ್ಚು ಹಾಕಿಸಿ, ಗಟ್ಟಿಯಾಗಿ ಓದಿ, ಆಮೇಲೆ ಉಳಿದದ್ದು.

ಪ್ರಾಜೆಕ್ಟ್ ಮುಗಿದ ಮೇಲೆ ನಿಜವಾಗ್ಲೂ ತಿಂಗಳು ತಿಂಗಳು ತರಬಹುದಾ?

ತರಬಹುದು, ತಂದರೆ ನನಗೆ ತುಂಬಾ ಖುಷಿ. ಆದರೆ ನಿಯಮಿತವಾಗಿ ಅಚ್ಚು ಹಾಕಿ ಹಂಚುವುದಾದರೆ ನೋಂದಣಿ ಬೇಕು. 1867ರ ಹಳೇ ಕಾಯ್ದೆ ಹೋಗಿ 2023ರ ಹೊಸ ಕಾಯ್ದೆ 2024ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಅರ್ಜಿ ಆನ್‌ಲೈನಿನಲ್ಲಿ ಪ್ರೆಸ್ ಸೇವಾ ಪೋರ್ಟಲ್ ಮೂಲಕ. ಕನ್ನಡದಲ್ಲಿ ದೇಶದ ಯಾವ ಮೂಲೆಯಲ್ಲೇ ಆಗಲಿ, ಅಥವಾ ನಮ್ಮ ರಾಜ್ಯದಲ್ಲಿ ಬೇರೆ ಯಾವ ಭಾಷೆಯಲ್ಲೇ ಆಗಲಿ ಅದೇ ಹೆಸರಿನ ಪತ್ರಿಕೆ ಇದ್ದರೆ ಆ ಹೆಸರು ಸಿಗುವುದಿಲ್ಲ. ಹಾಗಾಗಿ ಹೆಸರಿಗೆ ಮೂರು ನಾಲ್ಕು ಆಯ್ಕೆ ಇಟ್ಟುಕೊಳ್ಳಿ.

ವೈವಾದಲ್ಲಿ 'ಯಾಕೆ ಹೀಗೆ ಮಾಡಿದಿರಿ' ಅಂದ್ರೆ ಏನು ಹೇಳಲಿ?

ಉತ್ತರ ನಿಮ್ಮ ಹಳೇ ಪುಟಗಳಲ್ಲಿದೆ. ಮುಖಪುಟದ ಮೊದಲ ಕರಡಿನಿಂದ ಕೊನೆಯದರವರೆಗೆ ಎಲ್ಲವನ್ನೂ ದಿನಾಂಕ ಹಾಕಿ ಉಳಿಸಿ. 'ಬಣ್ಣ ಚೆನ್ನಾಗಿತ್ತು' ಅನ್ನಬೇಡಿ. 'ಚಪ್ಪರದ ಹಳದಿ ಬಲ್ಬಿನ ಬೆಳಕು ಅದು, ಆ ರಾತ್ರಿ ನಾವು ಅಲ್ಲಿದ್ದೆವು' ಅನ್ನಿ.

ಉಳಿದ ಪ್ರತಿಗಳನ್ನ ಏನು ಮಾಡಲಿ?

ಮೊದಲ ಪ್ರತಿಗಳು ಪತ್ರಿಕೆಯಲ್ಲಿ ಬಂದ ಕಲಾವಿದರಿಗೆ. ಅಂಚೆಯಲ್ಲಿ ಕಳಿಸಬೇಡಿ, ಕೈಯಾರೆ ಕೊಟ್ಟು ಬನ್ನಿ. ಒಂದು ಕಾಲೇಜಿನ ಗ್ರಂಥಾಲಯಕ್ಕೆ, ಒಂದು ನಿಮ್ಮೂರಿನ ಗ್ರಂಥಾಲಯಕ್ಕೆ. ಹೆಸರು ಬರೆದುಕೊಟ್ಟ ಬೋರ್ಡಿನವರಿಗೆ ಎರಡು ಕೊಡಿ, ಒಂದನ್ನು ಅವರು ಅಂಗಡಿಯಲ್ಲಿ ತೂಗುಹಾಕುತ್ತಾರೆ. ಫಾಂಟು, ಫೋಟೋ ಸಮೇತ ಇಡೀ ಫೋಲ್ಡರನ್ನು ಎರಡು ಕಡೆ ಉಳಿಸಿಡಿ, ಮುಂದಿನ ವರ್ಷದ ತಂಡ ಕೇಳಿಕೊಂಡು ಬರುತ್ತದೆ.